ಹುರಿಯದ ಮಣ್ಣು

ಭೋಜ ಗಾಜಿನ ಮುಚ್ಚಳ ಎತ್ತಿ, ಭೂತಗನ್ನಡಿ ಹಿಡಿದು ಬಗ್ಗಿದರು. ಹದಿನೆಂಟು ಸಾವಿರ ಅಡಿ ಎತ್ತರದ ಕಾವಲುಠಾಣೆಯಲ್ಲಿ, ಮರಳುಚೀಲಗಳ ಬುಡದಲ್ಲಿ, ಹಸಿರು ಮೊಳಕೆಯೊಡೆದಿತ್ತು. ಕಣ್ಣಿಗೆ ಬಿದ್ದದ್ದು ಮೂರು ಸಸಿ.

ಆ ಠಾಣೆ ಬಾಲಿಗಂಜಿನ ಅವರ ಫ್ಲ್ಯಾಟಿನ ಊಟದ ಮೇಜಿನಷ್ಟೇ ಅಗಲವಿತ್ತು. ಬ್ಯಾಂಕಿನಿಂದ ನಿವೃತ್ತರಾದ ಭೋಜ ತಾವೇ ಕಟ್ಟಿದ ಆ ಮಾದರಿಗೆ ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಸೇರಿಸಿರಲಿಲ್ಲ. ಬಂಡೆಗಳು ಇದ್ದಿಲಿನವು, ಹಗ್ಗ ತೆಂಗಿನ ನಾರಿನದು. ಚಹಾ ಕುಡಿದು ಎಸೆದ ಮಣ್ಣಿನ ಕುಡಿಕೆಗಳನ್ನು ಕುಟ್ಟಿ ಒಣನೆಲ ಮಾಡಿದ್ದರು. ಕಾವಲಿಗೆ ನಿಂತ ಹೆಬ್ಬೆರಳುದ್ದದ ಸೈನಿಕನನ್ನು ಹೂಗ್ಲಿ ನದಿಯ ದಡದ ಜೇಡಿಯಲ್ಲಿ ತಿದ್ದಿದ್ದರು. ಅವನು ಅಶ್ವಿತ್, ಹೋದ ವರ್ಷ ತೀರಿಕೊಂಡ ಮಗ.

ಯಾವ ಮಣ್ಣನ್ನಾದರೂ ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದೇ ಬಳಸುವುದು ಅವರ ಕ್ರಮ. ಹುಳದ ಮೊಟ್ಟೆ, ಬೀಜ ಎಲ್ಲವೂ ಸಾಯಬೇಕು. ಒಂದು ಹಿಡಿಯನ್ನು ಮಾತ್ರ ಹುರಿದಿರಲಿಲ್ಲ. ಅದು ಮಗನ ಪೆಟ್ಟಿಗೆಯಲ್ಲಿ ಬಂದ ಬೂಟಿನ ಮಣ್ಣು; ಈಚೆಗಷ್ಟೇ ಅದನ್ನು ಮರಳುಚೀಲಗಳ ಸುತ್ತ ಹರಡಿ, ನೀರು ಚಿಮುಕಿಸಿ ಕೂರಿಸಿದ್ದರು.

ಪೆಟ್ಟಿಗೆ ಬಂದ ಆ ವಾರ ಹೆಂಡತಿ ಚಂದ್ರಾವತಿ ಬಾಗಿಲ ಪರದೆಯನ್ನೂ ಬಿಡದೆ ಮನೆಯನ್ನೆಲ್ಲ ತೊಳೆಯುತ್ತಿದ್ದರು. ಬೂಟು ಬಾಲ್ಕನಿಯ ತುಳಸಿ ಕುಂಡದ ಪಕ್ಕ ಬಿಸಿಲಿಗಿತ್ತು. "ಅದರ ಮಣ್ಣೆಲ್ಲಿ?" ಎಂದು ಭೋಜ ಅಬ್ಬರಿಸಿದ್ದರು. ಸ್ವಲ್ಪ ಹೊತ್ತಿಗೆ ಆಕೆ ಅದನ್ನು ಕಾಗದದ ಪೊಟ್ಟಣದಲ್ಲಿ ತಂದು ಕೈಗಿಟ್ಟಿದ್ದರು.

ಭೋಜ ಒಂದು ಸಸಿಯನ್ನು ಕಿತ್ತು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವ, ಮೈಸೂರು ಮೂಲದ ನರಹರಿಯ ಬಳಿಗೆ ಒಯ್ದರು.

"ಎರಡೇ ಎಲೆ ನೋಡಿ ಏನು ಗಿಡ ಅಂತ ಹೇಳೋಕಾಗಲ್ಲ, ಭೋಜರೇ. ಮೂರು ವಾರ ಬಿಡಿ, ಅದೇ ಹೇಳುತ್ತೆ. ಆದ್ರೆ ಬೆಚ್ಚಗಿನ ಊರಿನ ಸಸಿ ಇದು. ಅಷ್ಟು ಎತ್ತರದ ಮಣ್ಣಲ್ಲಿ ಇದರ ಬೀಜ ಇರೋದಿಲ್ಲ."

ಭೋಜ ಮೂರು ವಾರ ಕಾಯಲಿಲ್ಲ. ಮೂರು ದಿನವೂ ಕಾಯಲಿಲ್ಲ.

ಕಾಳಿ ಪೂಜೆಯ ಪಟಾಕಿಗೆ ಮಂಚದಡಿ ನುಸುಳುತ್ತಿದ್ದ ಮಗನನ್ನು ಅವರು ನೆಂಟರೆದುರೂ 'ಪುಕ್ಕಲ' ಎಂದೇ ಕರೆಯುತ್ತಿದ್ದವರು. ಅವನು ಸೇನೆಗೆ ಸೇರಿದ ದಿನ ಆ ಮಾತು ನಿಂತಿತ್ತು. ಫೋನು ಸಿಗದ ಎತ್ತರದಿಂದ ಇಪ್ಪತ್ತೇಳು ಪತ್ರಗಳು ಬಂದಿದ್ದವು. "ಅಪ್ಪಾ, ಇಲ್ಲಿ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ. ನನಗೆ ಹೆದರಿಕೆ ಆಗುತ್ತಿಲ್ಲ." ಸಾವಿನ ಸುದ್ದಿಯ ಕಾಗದದಲ್ಲಿ ಇದ್ದದ್ದು 'ಕರ್ತವ್ಯದಲ್ಲಿದ್ದಾಗ' ಎಂದಷ್ಟೇ. ಎಲ್ಲಿ ಎಂದು ಇರಲಿಲ್ಲ.

ಹಾಗಾದರೆ ಅವನು ಮೇಲೆ ಹತ್ತಿಯೇ ಇರಲಿಲ್ಲ. ಕೆಳಗೆ ಯಾವುದೋ ಉಗ್ರಾಣದಲ್ಲಿ ಬೆಚ್ಚಗೆ ಕುಳಿತು ತಂದೆಗೆ ಹಿಮದ ಕಥೆ ಬರೆದಿದ್ದ.

ಭೋಜ ಕಣ್ಣಿಗೆ ಬಿದ್ದ ಸಸಿಗಳನ್ನೆಲ್ಲ ಕಿತ್ತರು. ಜೇಡಿಯ ಸೈನಿಕನನ್ನು ಬೆರಳುಗಳ ನಡುವೆ ಹಿಡಿದು ಪುಡಿಮಾಡಿದರು. ಮಣ್ಣು ಹುರಿಯುವ ಬಾಣಲೆಯಲ್ಲೇ ಪತ್ರಗಳನ್ನು ಒಂದೊಂದಾಗಿ ಸುಟ್ಟರು. ಮುಂದಿನ ತಿಂಗಳು ಠಾಣೆಯ ಮಾದರಿಯನ್ನು ಪ್ರದರ್ಶನಕ್ಕಿಡಬೇಕಾಗಿದ್ದ ಕನ್ನಡ ಸಂಘಕ್ಕೆ ಫೋನು ಮಾಡಿ, "ಅವನ ಹೆಸರು ಎಲ್ಲೂ ಬೇಡ. ಅವನು ಅಲ್ಲಿರಲಿಲ್ಲ" ಎಂದರು.

ಮಗಳು ಅನ್ವಿತಾಳ ಬಾಣಂತನಕ್ಕೆಂದು ಕಸ್ಬಾದ ಅವಳ ಮನೆಯಲ್ಲಿದ್ದ ಚಂದ್ರಾವತಿ ಮೂರನೆಯ ವಾರ ಮರಳಿದರು. ಪತ್ರಗಳ ಡಬ್ಬಿ ಬರಿದಾಗಿತ್ತು. ಬಾಣಲೆಯ ಅಂಚು ಕಪ್ಪಾಗಿತ್ತು.

"ಎಂತ ಮಾಡಿದ್ರಿ ಇವ್ರೇ?"

"ನಿನ್ನ ಮಗ ಪುಕ್ಕಲನೇ. ಅವನ ಬೂಟಿನ ಮಣ್ಣೇ ಸಾಕ್ಷಿ ಹೇಳ್ತು. ಅದರಲ್ಲಿ ಗಿಡ ಹುಟ್ಟಿತು ಮಾರಾಯ್ತಿ, ಗಿಡ."

ಚಂದ್ರಾವತಿ ಗಾಜಿನ ಮುಚ್ಚಳ ಎತ್ತಿದರು. ಇದ್ದಿಲಿನ ಬಂಡೆಯ ಮರೆಯಲ್ಲಿ ಭೋಜರ ಕಣ್ಣು ತಪ್ಪಿಸಿಕೊಂಡ ಒಂದು ಸಸಿ ಆರೆಲೆ ಬಿಟ್ಟು ನಿಂತಿತ್ತು. ಆಕೆ ಒಂದೆಲೆ ಚಿವುಟಿ, ಬೆರಳಲ್ಲಿ ಹೊಸಕಿ, ಗಂಡನ ಮೂಗಿನ ಹತ್ತಿರ ಹಿಡಿದರು. ದಿನವೂ ಪೂಜೆಯ ತೀರ್ಥದೊಂದಿಗೆ ಅವರು ಕುಡಿಯುತ್ತಿದ್ದ ಪರಿಮಳ.

"ಸೂತಕದ ಬೂಟನ್ನು ತೊಳೆಯದೆ ಮನೆಯೊಳಗೆ ತರ್ಲಿಕ್ಕುಂಟಾ? ಅದರ ಮಣ್ಣು ಆವತ್ತೇ ಬಚ್ಚಲಲ್ಲಿ ಹೋಗಿತ್ತು. ನಿಮ್ಮ ಬೊಬ್ಬೆಗೆ ಹೆದರಿ ತುಳಸಿ ಕುಂಡದ್ದು ಕೊಟ್ಟೆ."