ಮಾರ್ಕರು ಕೈಗಿಟ್ಟ ಟೀಚರು

ಮೀಟಿಂಗಿನಲ್ಲಿ ಯಾರಾದರೂ ವೈಟ್‌ಬೋರ್ಡಿನ ಮಾರ್ಕರು ತೆರೆದರೆ, ಆ ಕಟು ವಾಸನೆಗೆ ಈಗಲೂ ನನಗೆ ಡ್ಯಾನ್‌ವಿಲ್‌ನ ಮಿಡ್ಲ್ ಸ್ಕೂಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾವು ಹುಬ್ಬಳ್ಳಿಯಿಂದ ಆ ಪರದೇಶಕ್ಕೆ ಆಗಷ್ಟೇ ಬಂದಿದ್ದೆವು. ಆರನೆಯ ತರಗತಿಯಲ್ಲಿ ನಾನು ತುಟಿಯನ್ನೇ ಬಿಚ್ಚುತ್ತಿರಲಿಲ್ಲ. ನನ್ನನ್ನು ಸುಲಭದ ಗಣಿತದ ಕ್ಲಾಸಿಗೆ ಹಾಕುವ ಮಾತು ಬಂದು, ಶಾಲೆಯವರು ಅಮ್ಮನನ್ನು ಕರೆಸಿದರು. ಅಮ್ಮ ಇಂಗ್ಲಿಷಿನ ಪದಗಳನ್ನು ಒಂದೊಂದಾಗಿ ಹೊಂದಿಸಿಕೊಂಡು, ಇವಳಿಗೆ ಲೆಕ್ಕ ಬರುತ್ತದೆ, ಭಾಷೆ ಮಾತ್ರ ಬರುವುದಿಲ್ಲ ಎಂದಳು.

ಗಣಿತದ ಟೀಚರು ನರೆಗೂದಲಿನ ಹೆಂಗಸು. ಅವರು ಬೋರ್ಡಿನ ಮೇಲೆ ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕ ಬರೆದು, ಮಾರ್ಕರನ್ನು ನನ್ನ ಕೈಗಿಟ್ಟು ಏನೋ ಹೇಳಿದರು.

“ಕನ್ನಡದಾಗ ಹೇಳು ಅನ್ನಾಕತ್ತಾರ,” ಎಂದಳು ಅಮ್ಮ. “ನಿನ್ನ ಕೈ ನೋಡಿ ತಿಳ್ಕೋತಾರಂತ. ಅಂಜಬ್ಯಾಡ.”

ನಾನು ಮುಕ್ಕಾಲು ರೊಟ್ಟಿಯ ಚಿತ್ರ ಬರೆದೆ. ಅದರಲ್ಲಿ ಅರ್ಧ ರೊಟ್ಟಿ ಒಂದು ಸಲ ಪೂರ್ತಿ ಹಿಡಿಯುತ್ತದೆ, ಉಳಿದದ್ದು ಅರ್ಧದ ಅರ್ಧ, ಹಾಗಾಗಿ ಉತ್ತರ ಒಂದೂವರೆ ಎಂದು ಕನ್ನಡದಲ್ಲೇ ವಿವರಿಸಿದೆ. ಟೀಚರು ನನ್ನ ಗೆರೆಗಳ ಹಿಂದೆಯೇ ಕಣ್ಣು ಹಾಯಿಸುತ್ತಾ ನಿಂತಿದ್ದರು. ಕೊನೆಗೆ, ಇವಳು ನನ್ನ ಕ್ಲಾಸಿನಲ್ಲೇ ಇರಲಿ ಎಂದರು.

ಕಾರಿನಲ್ಲಿ ಕೂತ ಅಮ್ಮ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. “ಎಂಥಾ ಟೀಚರ್ ಸಿಕ್ಕಾರ ನಿನಗ,” ಎಂದಳು.

ಮರುದಿನ ಟೀಚರು ಎಲ್ಲರೆದುರು ಅದೇ ರೊಟ್ಟಿಯನ್ನು ಬರೆದು, ಉತ್ತರಕ್ಕೆ “ವಂಡುವರೆ” ಎಂದು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು “ಒಂದೂವರೆ” ಎಂದು ತಿದ್ದಿದೆ. ಅವರು ಮತ್ತೊಮ್ಮೆ ಹೇಳಿದರು. ಇಡೀ ತರಗತಿ ಅವರ ಜೊತೆಗೆ ಹೇಳಿತು.