ಎರಡು ಕೀಲಿಯ ಕಾರು

ಕಲ್ಮಲ ಊರು ಇನ್ನೇನು ಬಂತು ಅನ್ನುವಷ್ಟರಲ್ಲಿ ಕಾರು ಗಕ್ಕನೆ ನಿಂತುಬಿಟ್ಟಿತು. ಗದ್ದೆಪ್ಪ ಇಳಿದು ಬಾನೆಟ್ ಎತ್ತಿದ. ಅಲ್ಲೇನೂ ಕೆಟ್ಟಿರಲಿಲ್ಲ. ಮತ್ತೆ ಒಳಗೆ ಬಂದು ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ನೋಡಿದ.

ಕೀಲಿ ಹಾಕುವ ಸ್ವಿಚ್ಚಿನ ಹಿಂದಿನ ವೈರುಗಳನ್ನು ಯಾರೋ ಹಿಂದೊಮ್ಮೆ ಕಿತ್ತಿದ್ದರು. ಆಮೇಲೆ ಜೋಡಿಸಿ ಕರಿ ಟೇಪು ಸುತ್ತಿದ್ದರು. ಅದೇ ಈಗ ಬಿಚ್ಚಿಕೊಂಡಿತ್ತು. ಸ್ವಿಚ್ಚಿನ ಸುತ್ತ ಚಾಕುವಿನಿಂದ ಗೀರಿದ ಗುರುತು. ಕೀಲಿಯಿಲ್ಲದೆ ಗಾಡಿ ಎಬ್ಬಿಸಲು ಕಳ್ಳರು ಮಾಡುವ ಕೆಲಸ ಇದು. ಅರ್ಧ ಆಯುಷ್ಯ ಬೇರೆಯವರ ಕಾರು ಓಡಿಸಿದ ಗದ್ದೆಪ್ಪನಿಗೆ ಅಷ್ಟು ತಿಳಿಯದೇ? ಆದರೆ ಈ ಕಳ್ಳ ಹಸಿ ಕಳ್ಳ. ಬೇಕಾದ ವೈರು ಯಾವುದೆಂದು ಗೊತ್ತಿಲ್ಲದೆ ಸಿಕ್ಕಿದ್ದನ್ನೆಲ್ಲ ಕಿತ್ತಿದ್ದ.

ಬೆಳಿಗ್ಗೆ ಮಾನ್ವಿಯ ಹೊರಗಿನ ಅಕ್ಕಿ ಗಿರಣಿಯಲ್ಲಿ ಈ ಹಳೆಯ ಅಂಬಾಸಿಡರ್ ಕೊಂಡಾಗಲೇ ಅನುಮಾನ ಬರಬೇಕಿತ್ತು. ಬಾಗಿಲಿನ ಕೀಲಿ ಇಂಜಿನ್ನಿಗೆ ಹೋಗುವುದಿಲ್ಲ, ಇಂಜಿನ್ನಿನದು ಬಾಗಿಲಿಗೆ ಆಗುವುದಿಲ್ಲ. ಅವನು ಓಡಿಸಿದ ಸಾಹುಕಾರರ ಕಾರುಗಳಿಗೆಲ್ಲ ಒಂದೇ ಕೀಲಿ ಸಾಕಾಗುತ್ತಿತ್ತು. ಗಿರಣಿ ಮಾಲೀಕ ವಿರೂಪಣ್ಣ ಇಂಜಿನ್ ಕೀಲಿಯನ್ನು ಧೋತರದೊಳಗಿನ ಉಡದಾರದಿಂದ ಬಿಚ್ಚಿ ಕೊಟ್ಟಿದ್ದ. ಬಾಗಿಲಿನ ಕೀಲಿ ಬಂದದ್ದು ಅಂಗಳದ ನಡುವೆ ಎದ್ದಿದ್ದ ಹೊಸ ಗೋಡೆಯ ಆಚೆಯಿಂದ. ಒಂದು ಕೈ ಮೇಲೆದ್ದು ಕೀಲಿ ಚಾಚಿತ್ತು. ಮುಖ ಕಂಡಿರಲಿಲ್ಲ.

“ಕೀಲಿ ಯಾಕ ಬ್ಯಾರೆ ಬ್ಯಾರೆ ಅದಾವ್ರಿ ಸಾವ್ಕಾರ್ರ?” ಎಂದು ಗದ್ದೆಪ್ಪ ಕೇಳಿದ್ದ.

“ಬೀಗ ಬದಲಿ ಮಾಡಿಸೀವಿ. ನಿನಗ ಗಾಡಿ ಬೇಕೋ, ಕಥಿ ಬೇಕೋ?” ಎಂದಿದ್ದ ವಿರೂಪಣ್ಣ.

ಗದ್ದೆಪ್ಪನಿಗೆ ಗಾಡಿಯೇ ಬೇಕಿತ್ತು. ದೇವದುರ್ಗಕ್ಕೂ ರಾಯಚೂರಿಗೂ ನಡುವೆ ಬಾಡಿಗೆಗೆ ಓಡಿಸಲು ಒಂದು ಸ್ವಂತ ಕಾರು. ಅದಕ್ಕಾಗಿ ಹೆಂಡತಿ ಅಮರಮ್ಮ ಕಿವಿಯಲ್ಲಿದ್ದದ್ದನ್ನೂ ಬಿಚ್ಚಿ ಕೊಟ್ಟಿದ್ದಳು. ಕಾರು ಕದ್ದದ್ದಾದರೆ ಎಲ್ಲ ಮಣ್ಣುಪಾಲು. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಹಿಂದೆ ಮಾಲೀಕನೊಬ್ಬನ ಸ್ಟೆಪ್ನಿ ಕಾಣೆಯಾದಾಗ ಠಾಣೆಯಲ್ಲಿ ತಿಂದ ಏಟನ್ನು ಅವನ ಬೆನ್ನು ಮರೆತಿರಲಿಲ್ಲ. ಕಳ್ಳ ಮಾಲು ಸಿಕ್ಕರೆ ಸಾಹುಕಾರನಿಗೆ ಕುರ್ಚಿ ಹಾಕುತ್ತಾರೆ, ಒದೆ ಬೀಳುವುದು ಗದ್ದೆಪ್ಪನಂಥವರಿಗೇ.

ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಮುದುಕನೊಬ್ಬ ಕಾರು ನೋಡಿ ನಿಂತ. “ಗಿರಣಿಯವರ ಗಾಡಿ ಅಲ್ಲೇನೋ ಇದು? ನೀ ತಗೊಂಡೇನು? ಮಾನ್ವಿಯಾಗ ಯಾರೂ ಮುಟ್ಟವಲ್ರು ಇದನ್ನ.”

“ಯಾಕ್ರಿ ಯಪ್ಪಾ?”

“ನನ್ನ ಬಾಯಿಲೆ ಯಾಕ? ಅವರನ್ನ ಕೇಳು.” ಮುದುಕ ಹೊರಟೇ ಹೋದ.

ಗದ್ದೆಪ್ಪ ಬಾಗಿಲ ಬೀಗವನ್ನು ತಡವಿ ನೋಡಿದ. ಒಂದು ಗೀರಿಲ್ಲ. ಕಳ್ಳನು ಬಾಗಿಲನ್ನು ಅದರ ಕೀಲಿ ಹಾಕಿಯೇ ತೆಗೆದಿದ್ದ. ಹಾಗಾದರೆ ಮನೆಯವನೇ ಇರಬೇಕು. ಹಿಂದಿನ ಸೀಟು ಎತ್ತಿದ. ಸಂದಿಯಲ್ಲಿ ಹಸಿರು ಸೀರೆಯಿಂದ ಹರಿದ ಪಟ್ಟಿಯೊಂದು ಸಿಕ್ಕಿತು. ಜಗ್ಗಿ ಬಿಗಿದ ಗಂಟು, ಹಾಗೇ ಉಳಿದ ಕುಣಿಕೆ. ಅದರಲ್ಲಿ ತನ್ನ ಕೈ ತೂರಿಸಲು ನೋಡಿದ. ಹೋಗಲಿಲ್ಲ. ಇದನ್ನು ಕಟ್ಟಿದ್ದು ದೊಡ್ಡವರಿಗಲ್ಲ.

ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂದು ಗುಂಜಹಳ್ಳಿಯಿಂದ ದೇವದುರ್ಗದವರೆಗೂ ಪುಕಾರು ಎದ್ದಿತ್ತು. ಮನೆಯಲ್ಲಿ ಅವನಿಗೂ ಎರಡು ಕೂಸುಗಳಿದ್ದವು. ಹೆದರಿಕೆ ಹಾರಿಹೋಗಿ ಸಿಟ್ಟು ನೆತ್ತಿಗೇರಿತು. ವೈರು ಹೊಸೆದು, ಕಾರನ್ನು ಮಾನ್ವಿಯ ಕಡೆಗೇ ತಿರುಗಿಸಿದ.

ಗಿರಣಿ ನಿಂತಿತ್ತು. ವಿರೂಪಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ.

“ತಗೋರಿ ನಿಮ್ಮ ಗಾಡಿ!” ಗದ್ದೆಪ್ಪ ಎರಡೂ ಕೀಲಿಗಳನ್ನು ಕಟ್ಟೆಯ ಮೇಲೆ ಎಸೆದು, ಹಸಿರು ಪಟ್ಟಿಯನ್ನು ಮುಂದೆ ಹಿಡಿದ. “ಕಳ್ಳ ಮಾಲು ನಮ್ಮಂಥವರ ಕೊರಳಿಗೆ ಕಟ್ಟಾಕತ್ತೀರೇನು? ವೈರ್ ಕಿತ್ತವರು ಯಾರು? ಇದನ್ನ ಯಾವ ಕೂಸಿಗೆ ಕಟ್ಟಿದ್ರಿ? ಹೇಳ್ರಿ, ಇಲ್ಲಾಂದ್ರ ಸೀದಾ ಠಾಣೆಗೆ ಹೋಗ್ತೀನಿ.”

ಪಟ್ಟಿ ಕಂಡದ್ದೇ ತಡ, ವಿರೂಪಣ್ಣನ ಹೆಂಡತಿ ಬಸವಂತಮ್ಮ ಒಳಗಿನಿಂದ ಓಡಿ ಬಂದು ಅದನ್ನು ಕಸಿದುಕೊಂಡಳು.

“ನನ್ನ ಸೀರಿ ಇದು. ಕಟ್ಟಿದಾಕಿ ನಾನ. ಇದು ಜಾರಿ ಬಿತ್ತಂತ ಇನ್ನೊಂದು ಹರದು ಬಿಗಿದಿದ್ದೆ,” ಎಂದು ಪಟ್ಟಿಯನ್ನು ಮುಖಕ್ಕೆ ಒತ್ತಿಕೊಂಡಳು.

ಗದ್ದೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಹೆಂಗಸೂ ಇದರಲ್ಲಿ ಸೇರಿದ್ದಾಳೆ!

ಗೋಡೆಯ ಮೇಲೆ ಈ ಸಲ ಮುಖವೂ ಕಂಡಿತು. ವಿರೂಪಣ್ಣನದೇ ಅಚ್ಚು, ತುಸು ಎಳೆಯದು. ಅವನ ತಮ್ಮ ಗಡಿಗೆಪ್ಪ.

“ನಮ್ಮಣ್ಣಗ ಏನೂ ಅನಬ್ಯಾಡಪಾ. ಅವ ಊರಾಗ ಇರಲಿಲ್ಲ. ವೈರ್ ಕಿತ್ತವ ನಾನ.”

ವಿರೂಪಣ್ಣ ಈಗ ತಲೆ ಎತ್ತಿದ. “ನಾವು ಪಾಲಾದಾಗ ಗಾಡಿ ಎರಡು ತುಂಡು ಮಾಡಾಕ ಬರಲಿಲ್ಲ. ಒಬ್ಬನ್ನ ಬಿಟ್ಟು ಒಬ್ಬ ಒಯ್ಯಬಾರದಂತ ಪಂಚರು ಬೀಗ ಬದಲಿ ಮಾಡಿಸಿದ್ರು. ಬಾಗಿಲ ಕೀಲಿ ಅವಗ, ಇಂಜಿನ್ ಕೀಲಿ ನನಗ. ಸರಿಸಮ ಆತಂತ ಇಬ್ಬರೂ ಹಿಗ್ಗಿದ್ವಿ.”

“ಅದಕ್ಕ ನೀವು ಇಲ್ಲದಾಗ ಕದ್ದು ಒಯ್ಯಾಕ ನೋಡಿದ್ರೇನ್ರಿ ಇವರು?”

“ಹೂಂ. ಬಾಗಿಲಾ ತಗದ, ಒಳಗ ಕುಂತು ನೋಡಿದ. ಗಾಡಿ ಏಳಲಿಲ್ಲ. ಕಡೀಗೆ ಎತ್ತಿನ ಬಂಡಿ ಕಟ್ಟಿದ. ಅದು ದವಾಖಾನಿ ಮುಟ್ಟೂದರಾಗ ಹೊತ್ತು ಮೀರಿತ್ತು.”

ವಿರೂಪಣ್ಣ ಇಂಜಿನ್ ಕೀಲಿಯನ್ನು ಬೆರಳ ತುದಿಯಿಂದ ಗದ್ದೆಪ್ಪನ ಕಡೆಗೆ ಸರಿಸಿದ. ಅದನ್ನು ಕೈಯಲ್ಲಿ ಹಿಡಿಯಲಿಲ್ಲ.

“ಹಾವು ಕಡದಿದ್ದು ನನ್ನ ಮಗಳಿಗೆ. ಆ ಹೊತ್ತಿನ್ಯಾಗ ನಾನು ದೇವದುರ್ಗದ ಸಂತ್ಯಾಗ ಇದ್ದೆ, ಈ ಕೀಲಿ ನನ್ನ ಉಡದಾರದಾಗ ಇತ್ತು.”