ಮೂರು ಗಂಟೆಯ ಜಡೆ

ಟೆರೆನ್ಸ್ ಜೈಲಿನ ಭೇಟಿ ಹಾಲಿಗೆ ಬಂದಾಗ ವರ್ನಿಟಾ ಗಂಡನ ಮುಖ ನೋಡಲಿಲ್ಲ, ತಲೆ ನೋಡಿದಳು. ಹಣೆಯಿಂದ ಕುತ್ತಿಗೆಯವರೆಗೆ ಹನ್ನೆರಡು ಸಣ್ಣ ಜಡೆಗಳು, ತಲೆಗೆ ಅಂಟಿದ ಹಾಗೆ, ಒಂದು ಸಾಲೂ ಸೊಟ್ಟಗಿಲ್ಲ. ಮೆಂಫಿಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಗಂಡಸರಿಗೂ ಹೆಂಗಸರಿಗೂ ಜಡೆ ಹೆಣೆದೇ ಬದುಕುವವಳು ಅವಳು. ನೋಡಿದ ಕೂಡಲೇ ಗೊತ್ತಾಯಿತು, ಇದು ಮೂರು ಗಂಟೆಯ ಕೆಲಸ. ಯಾರದೋ ಮೊಣಕಾಲುಗಳ ನಡುವೆ ನೆಲದ ಮೇಲೆ ಕುಳಿತು, ತಲೆ ಕೊಟ್ಟು, ಮೂರು ಗಂಟೆ.

ಅವಳ ಪಾಲಿಗೆ ಬಂದಾಗ ಒಂದು ಅಪ್ಪುಗೆ, ಹೋಗುವಾಗ ಒಂದು. ನಡುವೆ ಎರಡು ಗಂಟೆ ಇಬ್ಬರ ಕೈಯೂ ಕಾವಲಿನವರಿಗೆ ಕಾಣುವ ಹಾಗೆ ಟೇಬಲ್ಲಿನ ಮೇಲಿರಬೇಕು. ಆರು ವರ್ಷದಿಂದ ಪ್ರತಿ ಭಾನುವಾರ ಚರ್ಚನ್ನೂ ಬಿಟ್ಟು ಹತ್ತಿ ಹೊಲಗಳ ನಡುವೆ ಖಾಸಗಿ ಕಂಪನಿಯೊಂದು ನಡೆಸುವ ಈ ಜೈಲಿಗೆ ಓಡಿ ಬರುತ್ತಿದ್ದುದು ಅಷ್ಟಕ್ಕೇ.

"ಯಾರು ಹಾಕಿದ್ದು?"

"ಚೆನ್ನಾಗಿದ್ಯಾ?"

"ಯಾರು ಹಾಕಿದ್ದು ಅಂತ ಕೇಳ್ದೆ."

"ಒಡೆಲ್ ತಾತ. ಅಗೋ, ಅಲ್ಲಿ ಟೇಬಲ್ ಒರೆಸ್ತಿದಾನಲ್ಲ, ಅವನೇ. ಎಲ್ಲರ ಹತ್ರ ಕೂಲಿ ಅಂತ ನಾಲ್ಕು ಪ್ಯಾಕೆಟ್ ನೂಡಲ್ಸ್ ತಗೋತಾನೆ, ನನ್ನ ಹತ್ರ ಒಂದೂ ಮುಟ್ಟಲಿಲ್ಲ. ಮಂಗಳವಾರ ಪರೋಲ್‌ನವರ ಮುಂದೆ ಕೂರೋನು ನೀಟಾಗಿ ಕಾಣ್ಬೇಕು ಅಂದ."

ವರ್ನಿಟಾ ತಿರುಗಿ ನೋಡಿದಳು. ಕೈದಿ ಬಟ್ಟೆಯ ಎಪ್ಪತ್ತರ ಮುದುಕ, ಬೆನ್ನು ಬಾಗಿದೆ, ಬೆರಳು ಮಾತ್ರ ಉದ್ದುದ್ದ. ಶಿಕ್ಷೆ ಮುಗಿಯುವ ಮೊದಲೇ ಬಿಡುವ ಈ ಪರೋಲಿಗೆಂದು ಗ್ಯಾರೇಜಿನವನ ಕಾಲು ಹಿಡಿದು, ಬಿಡುಗಡೆಯಾದರೆ ಕೆಲಸ ಕೊಡುತ್ತೇನೆಂದು ಕಾಗದ ಬರೆಸಿಕೊಂಡು ಬಂದವಳು ಅವಳು. ಒಳ್ಳೆಯ ನಡತೆಯ ಕಾಗದಕ್ಕೆ ಪಾಸ್ಟರ್ ಮನೆಗೆ ಏಳು ಸಲ ಅಲೆದವಳೂ ಅವಳೇ. ಆ ಕಾಗದಗಳು ಬಂದವಾ ಎಂದು ಕೇಳಿದರೆ ಇವನು "ಹೂಂ, ಬಂದ್ವು" ಅಂದು ಮತ್ತೆ ಮುದುಕನ ಮಾತಿಗೇ ಹೋದ.

"ಆತ ತಲೆ ಮೇಲೆ ಕೈ ಇಟ್ರೆ ಸಾಕು ಕಣೇ, ನಿದ್ದೆ ಬಂದ್ಬಿಡತ್ತೆ. ಈ ಗಲಾಟೆಲಿ ನಾನು ಸರಿಯಾಗಿ ನಿದ್ದೆ ಮಾಡಿದ್ದೇ ನಿನ್ನೆ. ಅಮ್ಮ ಹೋದ ದಿನದ್ದೆಲ್ಲ ಹೇಳ್ಕೊಂಡೆ ಅವನ ಹತ್ರ."

ಅಮ್ಮ ಹೋದ ದಿನದ್ದು! ಹೆಂಡತಿ ಎಷ್ಟು ಕೇಳಿದರೂ ಬಾಯಿ ಬಿಡದ ವಿಷಯ. ತಲೆಯಲ್ಲಿ ಬೆರಳು ಆಡುತ್ತಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ, ಅದು ಅವಳಿಗೆ ಅಂಗಡಿಯಲ್ಲಿ ದಿನಾ ಕಾಣುವ ಸಂಗತಿ. ಹಾಗಾದರೆ ಇನ್ನೂ ಏನೇನು ಹೇಳಿಕೊಂಡಿದ್ದಾನೋ. ಅಜ್ಜನ ವಯಸ್ಸಿನವನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಅಂತ ಅವಳಿಗೂ ಗೊತ್ತು. ಗೊತ್ತಿದ್ದರೂ ಹೊಟ್ಟೆ ಉರಿಯಿತು.

"ಬಿಗಿ ಜಾಸ್ತಿ. ಹಣೆ ಮೇಲಿನ ಕೂದ್ಲು ಕಿತ್ತು ಬರತ್ತೆ, ನೋಡ್ತಿರು."

"ನೀನು ಇದಕ್ಕಿಂತ ಬಿಗಿಯಾಗಿ ಹಾಕ್ತಿದ್ದೆ."

"ನಾನು ಹಾಕುವಾಗ ಒಂದಿನ ನಿದ್ದೆ ಮಾಡಿದ್ಯಾ?"

"ಅಲ್ಲಾಡ್ಬೇಡ, ಅಲ್ಲಾಡ್ಬೇಡ ಅಂತ ಬಾಚಣಿಗೇಲಿ ಕುಟ್ತಿದ್ದೆ. ನಿದ್ದೆ ಎಲ್ಲಿಂದ ಬರ್ಬೇಕು?" ಎಂದು ಟೆರೆನ್ಸ್ ನಕ್ಕ. ಅವಳು ನಗಲಿಲ್ಲ.

ಹೊತ್ತಾಯಿತೆಂದು ಕಾವಲಿನ ಪ್ರಿಚೆಟ್ ಕೂಗಿದಳು. ಇಲ್ಲಿ ಒಂದು ನಿಯಮವಿದೆ. ಭೇಟಿಗೆ ಬಂದವರ ಕೈ ಕೈದಿಯ ಕೂದಲಿಗೆ ತಾಗಿದರೆ ಅವನು ಜಡೆ ಪೂರ್ತಿ ಬಿಚ್ಚಿ ತೋರಿಸಬೇಕು. ಒಳಗೆ ಮಾತ್ರೆಯೋ ಬ್ಲೇಡೋ ಸಿಕ್ಕಿಸಿರಬಹುದೆಂಬ ಅನುಮಾನ. ಈಸ್ಟರ್ ಹಬ್ಬದಲ್ಲಿ ಪಕ್ಕದ ಟೇಬಲ್ಲಿನ ಹುಡುಗಿ ಅರಿಯದೆ ಗಂಡನ ತಲೆ ಸವರಿ ಪಾಡು ಪಟ್ಟಿದ್ದನ್ನು ವರ್ನಿಟಾ ಕಣ್ಣಾರೆ ಕಂಡಿದ್ದಳು. ಹಾಗಾಗಿ ವರ್ನಿಟಾ ಗೊತ್ತಿಲ್ಲದೆ ಮಾಡಿದಳು ಎನ್ನುವಂತಿಲ್ಲ. ಕೊನೆಯ ಅಪ್ಪುಗೆಯಲ್ಲಿ ಎರಡೂ ಕೈಯ ಹತ್ತೂ ಬೆರಳುಗಳನ್ನು ಆ ಸಾಲುಗಳ ಮೇಲೆ ಊರಿ, ಹಿಂದಿನಿಂದ ಮುಂದಕ್ಕೆ ಎಳೆದಳು.

"ಕೈ ತೆಗಿ!" ಪ್ರಿಚೆಟ್ ಓಡಿ ಬಂದು ವರ್ನಿಟಾಳನ್ನು ನೆಲದ ಮೇಲಿನ ಹಳದಿ ಗೆರೆಯ ಹಿಂದಕ್ಕೆ ಸರಿಸಿದಳು. "ಟೆರೆನ್ಸ್, ನೀನು ಕೂತ್ಕೋ. ಬಿಚ್ಚು ಅದನ್ನ. ಇಲ್ಲೇ, ನನ್ನ ಕಣ್ಣೆದುರಿಗೆ."

ಟೆರೆನ್ಸ್ ಹೆಂಡತಿಯ ಮುಖ ನೋಡಿದ. "ಏನೇ ಮಾಡ್ದೆ? ನಾಡಿದ್ದು ಮಂಗಳವಾರ ಕಣೇ."

ಅವಳಿಗೆ ಅದು ನೆನಪಾದದ್ದೇ ಆಗ. ಆರು ವರ್ಷ ಕಾದ ಮಂಗಳವಾರ. ಕೂದಲು ಕೆದರಿಕೊಂಡು ಕೂತವನನ್ನು ನೋಡಿ ಪರೋಲಿನವರು ಏನೆಂದುಕೊಂಡಾರು?

ಕಿವಿಯ ಪಕ್ಕದ ಜಡೆಗಳನ್ನು ಅವನು ಹೇಗೋ ಬಿಚ್ಚಿಕೊಂಡ. ನಡುವಿನವು ಕೈಗೆ ಸಿಗಲಿಲ್ಲ.

"ನಾನು ಬಿಚ್ಚಿ ಕೊಡ್ಲಾ?" ಎಂದಳು ವರ್ನಿಟಾ.

"ನೀನು ಆ ಹಳದಿ ಗೆರೆ ದಾಟ್ಬೇಡ ತಾಯಿ, ಇಷ್ಟು ಮಾಡಿದ್ದು ಸಾಕು." ಬೆಳಗಿನಿಂದ ಸತತ ಎರಡು ಪಾಳಿ ನಿಂತಿದ್ದ ಪ್ರಿಚೆಟ್ ಗಡಿಯಾರ ನೋಡಿಕೊಂಡಳು. ಕೈದಿಗಳ ತಲೆ ಎಣಿಕೆಗೆ ಹೊತ್ತಾಗುತ್ತಿತ್ತು. "ಒಡೆಲ್, ಬಾ ಇಲ್ಲಿ. ಹಾಕಿದೋನು ನೀನೇ ತಾನೆ? ನೀನೇ ಬಿಚ್ಚು."

ಮುದುಕ ಬಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕುಳಿತ. ಟೆರೆನ್ಸ್ ಅವನ ಮೊಣಕಾಲುಗಳ ನಡುವೆ ನೆಲಕ್ಕೆ ಕುಳಿತ. ಉದ್ದ ಬೆರಳುಗಳು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನಿಧಾನ ಓಡಾಡಿದವು. ಗೆರೆಯ ಈಚೆ ನಿಂತು ವರ್ನಿಟಾ ನೋಡಬೇಕಾಯಿತು. ಎರಡನೇ ಜಡೆಗೇ ಗಂಡನ ಭುಜ ಸಡಿಲವಾಯಿತು. ಮೂರನೆಯದಕ್ಕೆ ಕಣ್ಣು ಮುಚ್ಚಿತು.

ಅವಳ ಮುಖ ಕಪ್ಪಿಟ್ಟಿದ್ದನ್ನು ಕಂಡು ಮುದುಕನಿಗೆ ಪಾಪ ಅನ್ನಿಸಿರಬೇಕು. "ಹೆದರ್ಕೋಬೇಡ ಮಗಳೇ," ಎಂದ. "ನಾಳೆ ನನಗೆ ಕೆಲ್ಸ ಇಲ್ಲ. ಮತ್ತೆ ಕೂರಿಸ್ಕೊಂಡು ಮೊದಲಿಂದ ಹಾಕ್ತೀನಿ. ಏನು ಮಹಾ, ಮೂರು ಗಂಟೆ ತಾನೆ?"

ಅವಳು ಥ್ಯಾಂಕ್ಸ್ ಹೇಳಲೇಬೇಕಾಯಿತು.